ಹತ್ತು ಎಣಿಸೋದ್ರಾಗ ಒಂದು ಹನಿ

ನಾನು ಅಜ್ಜ ಆಗೀನಿ! ನಿನ್ನೆ ಹೊತ್ತು ಮುಳುಗೋದಕ್ಕ ಒಂದು ಗಳಿಗಿ ಮೊದಲು ನನ್ನ ಮಗಳು ಹೆಣ್ಣು ಹಡದಾಳ. ಕೂಸು ಕೆಂಪಗ ಅದ, ತಲಿ ತುಂಬ ಕೂದಲು. ಹುಟ್ಟಿದ ಕೂಡಲೇ ಒದರಿದ್ದು ಕೆರಿಯ ಆಚಿ ದಂಡಿಗೂ ಕೇಳಿಸಿರಬೇಕು. ತಾಯಿ ಉಳಿದಾಳ, ಕೂಸೂ ಉಳಿದದ. ಈ ಮಾತು ಬರೆಯೋದಕ್ಕೇ ಇವತ್ತು ಮುಂಜಾನಿ ದೌತಿ ತಗದೆ. ಐಗಳ ಮುಂದ ಕೂತು ಮರಳಿನ ಮ್ಯಾಲ ಎರಡು ವರ್ಷ ಅಕ್ಷರ ತಿದ್ದಿದ್ದು ಬಿಟ್ಟರ ನಾನು ಶಾಲಿ ಕಂಡವನಲ್ಲ. ಒತ್ತು ದೀರ್ಘ ತಪ್ಪಿದ್ದರ ತಿದ್ದಿಕೊಂಡು ಓದ್ರಿ. ಇವತ್ತು ನನಗ ಬರೀದೆ ಇರಲಿಕ್ಕೆ ಆಗವಲ್ದು.

ಆದರ ಕೂಸಿನ ಸುದ್ದಿ ಬರೀಲಿಕ್ಕೆ ಹೋದರ ಸತ್ತವನೊಬ್ಬ ಬಂದು ಮಗ್ಗಲಿಗೆ ನಿಲ್ತಾನ. ಅವನನ್ನ ಬಿಟ್ಟು ಈ ಸುದ್ದಿ ಪೂರಾ ಆಗೋದಿಲ್ಲ.

ಕಮಲಾಪುರದ ಆಚಿಗೆ, ಗುಡ್ಡದ ಬುಡಕ್ಕ, ಜಾಗೀರದಾರ ಸಾಹೇಬರ ದೊಡ್ಡ ಕೆರಿ ಅದ. ಈಚಿ ದಂಡಿಗೆ ಅವರ ಶಿಕಾರಿ ಬಂಗಲೆ, ದೋಣಿಯ ಛಪ್ಪರ, ಕಲಬುರಗಿಗೆ ಹೋಗೋ ಸಡಕು. ಆಚಿ ದಂಡಿಗೆ ಹದಿನೈದು ಮನಿಯ ನಮ್ಮ ವಾಡಿ. ಚಳಿಗಾಲದಾಗ ಬಾತುಕೋಳಿ ಹೊಡಿಲಿಕ್ಕೆ ಬರೋ ಮೆಹಮಾನರ ಸಲುವಾಗಿ ಸಾಹೇಬರು ಮುಂಬೈಯಿಂದ ಒಂದು ಹಳೇ ಇಂಜಿನ್ ದೋಣಿ ತರಿಸಿದ್ದರು. ಅದನ್ನ ನಡಸೋ ಉಸ್ತಾದನೂ ಅದರ ಜೋಡಿನೇ ಬಂದ. ಕಲಬುರಗಿಯವನೇ, ಹಡಗಿನ ಕಾರಖಾನಿಯೊಳಗ ಕೆಲಸ ಕಲಿತವ. ನಾನು ಅವನ ಕೈಕೆಳಗ ಆರು ವರ್ಷ ಇದ್ದೆ.

ಆ ಇಂಜಿನ್ನು ದೋಣಿಯ ಹೊಟ್ಟಿಯೊಳಗ ಕೂತದ. ಪೆಟ್ರೋಲಿನ ಮ್ಯಾಲ ಚಾಲೂ ಮಾಡಬೇಕು, ಕಾದ ಮ್ಯಾಲ ಚಿಮಣಿ ಎಣ್ಣಿಗೆ ಹಾಕಬೇಕು. ಅದಕ್ಕ ಕ್ಲಚ್ಚು ಗಿಚ್ಚು ಇಲ್ಲ. ಮುಂದಿನ ಚಕ್ರ ತಿರುವಿದರ ಹಿಂದಿನ ಉದ್ದ ರಾಡೂ ತಿರುಗತದ, ನೀರಿನಾಗಿನ ಪಂಖಾನೂ ತಿರುಗತದ, ಎಲ್ಲಾ ಕೂಡೇ. ಆ ರಾಡು ದೋಣಿಯ ತಳದ ಒಂದು ತೂತಿನಿಂದ ಹೊರಗ ಹೋಗತದ. ತೂತಿನಿಂದ ನೀರು ಒಳಗ ಬರಬಾರದಂತ ರಾಡಿನ ಸುತ್ತ ಒಂದು ಹಿತ್ತಾಳಿ ಗಡಗಿ. ಅದರೊಳಗ ಚರಬಿ ಮೆತ್ತಿದ ನಾರಿನ ಹುರಿ ಸುತ್ತಿ, ಮ್ಯಾಲಿಂದ ದೊಡ್ಡ ನಟ್ಟು ಬಿಗಿತಾರ. ಪೂರಾ ಬಿಗಿಬಾರದು. ಉಸ್ತಾದ ಅಲ್ಲಿ ಕಿವಿ ಇಟ್ಟು ಬೆರಳು ಮಡಚತಿದ್ದ: "ಹತ್ತು ಎಣಿಸೋದ್ರಾಗ ಒಂದು ಹನಿ ಬೀಳಬೇಕು ಭಾಯಿ. ಹನಿ ಬಿದ್ದರ ರಾಡು ತಣ್ಣಗ ಇರತದ. ಅದಕ್ಕೂ ನೀರಡಿಕಿ ಆಗತದಲ್ಲ?"

ಹೋದ ದೀಪಾವಳಿಯ ಮುಂದ, ಮೆಹಮಾನರು ಬರೋ ಹಿಂದಿನ ದಿನ, ಉಸ್ತಾದನ ಬಲಗೈ ಬೆರಳು ಪಂಖಾಕ್ಕ ತಾಕಿ ಸೀಳಿತ್ತು. "ಹುರಿ ಸವದದ, ಹೊಸಾದು ಸುತ್ತು. ಛಪ್ಪರದ ಗ್ವಾಡಿ ಮಾಡದಾಗಿನ ಡಬ್ಬಿಯಾಗ ಅದ," ಅಂದ. ಅಲ್ಲೀತನಕ ಆ ಕೆಲಸ ಅವನೇ ಮಾಡತಿದ್ದ. ನಾನು ಲಿಂಗ ಕಟ್ಟಿದವ. ಡಬ್ಬಿ ಮುಚ್ಚಳ ತಗದೆ, ಚರಬಿಯ ವಾಸನಿ ಬಂತು, ಮುಚ್ಚಿದೆ. ಮುಟ್ಟಲಿಕ್ಕೆ ಮನಸ್ಸಾಗಲಿಲ್ಲ. ಮುಟ್ಟೋದಿಲ್ಲ ಅಂತ ಹೇಳಲಿಕ್ಕೂ ಬಾಯಿ ಬರಲಿಲ್ಲ. ಬಾರಕೋಲಿನ ಹತ್ತಿ ಹುರಿ ತಂದು, ಔಡಲ ಎಣ್ಣಿಯಾಗ ಅದ್ದಿ, ಸುತ್ತಿ, ನಟ್ಟು ಕೂಡಿಸಿದೆ.

"ಆತೇನು?" ಅಂದ.

"ಆತ್ರಿ ಉಸ್ತಾದ."

ನಡಸಿ ನೋಡಲಿಕ್ಕೆ ಅವ ಒಬ್ಬನೇ ದೋಣಿ ತಗೊಂಡು ನಡುನೀರಿಗೆ ಹೋದ. ಅವನಿಗೆ ಈಸು ಬರತಿದ್ದಿಲ್ಲ. ನಾನು ಕಟ್ಟಿಯ ಮ್ಯಾಲ ನಿಂತಿದ್ದೆ. ಇಂಜಿನ್ನು ಬಂದ್ ಆತು. ಅವ ಹಿಂದಿನ ಗಡಗಿ ಕಡೆ ಬಗ್ಗಿದ. ಆಮ್ಯಾಲ ಎದ್ದು ನಿಂತು ನನ್ನ ಕಡೆ ಕೈ ಎತ್ತಿದ. ಸಲಾಮು ಮಾಡಾಕತ್ತಾನಂತ ತಿಳದು ನಾನೂ ಕೈ ಎತ್ತಿದೆ. ಅವ ಮತ್ತ ಬಗ್ಗಿದ. ದೋಣಿಯ ಹಿಂಭಾಗ ತಗ್ಗಿತು. ನಾನು ಹರಗೋಲು ಹುಟ್ಟು ಹಾಕಿಕೊಂಡು ಹೋಗೋದ್ರಾಗ ನೀರಿನ ಮ್ಯಾಲ ಅವನ ಟೊಪ್ಪಿಗಿ ಒಂದೇ ಇತ್ತು.

ಕಲಬುರಗಿಯೊಳಗ ರೋಜಾ ದರ್ಗಾದ ಹತ್ತಿರ ಅವನನ್ನ ಮಣ್ಣು ಮಾಡಿದರು. ಹುರಿಯ ಮಾತು ನಾನು ಯಾರ ಮುಂದೂ ಆಡಲಿಲ್ಲ.

ಬ್ಯಾಸಿಗ್ಯಾಗ ಕೆರಿ ಇಳೀತು, ದೋಣಿ ಕೆಸರಿನಾಗ ಕಂಡಿತು. ಎತ್ತು ಹೂಡಿ ಎಳಿಸಿದೆವು. ಸಾಹೇಬರು ನನಗೇ ಒಪ್ಪಿಸಿದರು. ಸಿಲಿಂಡರಿನ ತಲಿ ಬಿಚ್ಚಿ, ಒಳಗಿನ ಕೆಸರು ತಗದು, ಜಂಗು ಹಿಡಿದ ಪಿಸ್ಟನ್ನಿನ ಮ್ಯಾಲ ಚಿಮಣಿ ಎಣ್ಣಿ ಹೊಯ್ದು ಒಂಬತ್ತು ದಿವಸ ಕಾಯ್ದೆ. ಹತ್ತನೇ ದಿನ ಕೂದಲೆಳಿಯಷ್ಟು ಅಲುಗಾಡಿತು. ತಂಪು ನೀರಿನ ತಾಮ್ರದ ನಳಗ್ಯಾಗ ಒಂದು ಏಡಿ ಮನಿ ಮಾಡಿತ್ತು. ಕಿಡಿ ಹುಟ್ಟಿಸೋ ಮ್ಯಾಗ್ನೆಟ್ಟನ್ನ ಹೈದರಾಬಾದಿಗೆ ಕಳಿಸಿ ಒಣಗಿಸಿ ತರಿಸಿದರು. ಎಲ್ಲಾ ಆತು. ಕಡೀಕ ಆ ಹಿತ್ತಾಳಿ ಗಡಗಿ. ಡಬ್ಬಿ ಮಾಡದಾಗ ಹಂಗೇ ಇತ್ತು. ನಾನು ಅತ್ತ ನೋಡಲಿಲ್ಲ. ಮತ್ತ ಹತ್ತಿ ಹುರಿನೇ ಸುತ್ತಿದೆ. ಈ ಸಲ ಒಂದು ಹನಿ ಸುದ್ದಾ ಬರಬಾರದಂತ, ನಟ್ಟು ತಿರುವೋ ಪಾನಾದ ಹಿಡಿಕಿಗೆ ಕೊಳವಿ ಸಿಗಿಸಿ, ಕಾಲು ಕೊಟ್ಟು ಬಿಗಿದೆ. ದಿನಾ ಮುಂಜಾನಿ ಹೋಗಿ ಮುಟ್ಟಿ ನೋಡತಿದ್ದೆ. ಪಸಿ ಕಂಡರ ಮತ್ತೊಂದು ಸುತ್ತು ಬಿಗಿತಿದ್ದೆ.

ಅಲ್ಲಿಂದ ಇಂಜಿನ್ನು ಸರಳ ಚಾಲೂ ಆಗಿದ್ದಿಲ್ಲ. ಮೂರು ಮಂದಿ ಹಗ್ಗ ಹಾಕಿ ಚಕ್ರ ಜಗ್ಗಿದರ ಒಮ್ಮೆ ಕೆಮ್ಮತಿತ್ತು, ಅಪರೂಪಕ್ಕ ಹತ್ತಿದರೂ ತುಸು ಓಡಿ ತಾನೇ ಸಾಯತಿತ್ತು. ತಳದಾಗ ಯಾರೋ ಮುಷ್ಟಿ ಬಿಗಿದು ಹಿಡದಂಗ ಅನಸ್ತಿತ್ತು. ಸಾಹೇಬರ ಮೋಟಾರು ನಡಸೋ ಡ್ರೈವರ ಉಸ್ತಾದನ ಸ್ವಂತ ತಮ್ಮ. "ನಮ್ಮಣ್ಣ ಹಿಡದಾನ್ರೀ," ಅಂತಿದ್ದ, ಅರ್ಧ ಚೇಷ್ಟೆ, ಅರ್ಧ ಖರೇ. ವಾಡಿ ಮಂದಿ ಪೂರಾ ಖರೇ ಮಾಡಿದ್ದರು. ಮೂರು ಸಂಜಿಗೆ ಛಪ್ಪರದ ಕಡೆ ಯಾರೂ ಬರತಿದ್ದಿಲ್ಲ.

ಇನ್ನ ಮಗಳ ಸುದ್ದಿ. ಚೊಚ್ಚಲ ಬಾಣಂತನ, ತವರಿಗೆ ಬಂದಿದ್ದಳು. ಮೊನ್ನೆ ಸಂಜಿಮುಂದ ನಮ್ಮ ಅಳಿಯ ಸೋರೆಬುರುಡಿ ಹೊಟ್ಟಿಗೆ ಕಟಗೊಂಡು, ಕೆರಿ ಈಸಿ, ಛಪ್ಪರಕ್ಕ ಬಂದ. ತುಟಿ ನೀಲಿ ಆಗಿದ್ದವು.

"ಮಾವಾರ, ಎರಡು ದಿನ ಆತು ಬ್ಯಾನಿ ತಿನ್ನಾಕತ್ತಿ. ಕೂಸು ಅಡ್ಡ ಮಲಗ್ಯದಂತ. ಸೂಲಗಿತ್ತಿ ಕೈ ಚೆಲ್ಯಾಳ."

ಹಳ್ಳ ತುಂಬಿ ಗಾಡಿಹಾದಿ ಮುರಿದಿತ್ತು. ಕೆರಿ ಕೋಡಿ ಬಿದ್ದಿತ್ತು. ಹರಗೋಲು ಇಳಿಸಿದರ ಸೆಳವು ಕೋಡಿಗೇ ಎಳಕೊಂಡು ಹೋಗತಿತ್ತು. ಡಾಕ್ಟರಬಾಯಿ ಈಚಿ ದಂಡಿತನಕ ಮೋಟಾರಿನಾಗ ಬರಬಹುದು. ಅಲ್ಲಿಂದ ಆಚಿಗೆ ಇಂಜಿನ್ ದೋಣಿ ಒಂದೇ.

ನಸುಕಿನಾಗ ಡ್ರೈವರನ ಮಗ್ಗಲಿಗೆ ಕೂತು ಕಲಬುರಗಿಗೆ ಹೋದೆ. ಗಂಜ್ ಬಜಾರದಾಗ ಒಂದು ಅಂಗಡಿ ಬಾಗಿಲಾ ತಗಿಸಿ, ಶೀಲು ಒಡೀದ ಪೆಟ್ರೋಲಿನ ಡಬ್ಬಿ ತಗೊಂಡೆವು. ರೋಜಾದ ಹಾದಿ ಹಿಡದಾಗ ಡ್ರೈವರ ತಲಿ ತಗ್ಗಿಸಿ ತುಟಿ ಅಲುಗಾಡಿಸಿದ. ನಾನು ಮೊಣಕಾಲು ನೋಡಕೋತ ಕೂತೆ. ಆಚಿಗಿನ ಓಣಿಯಾಗ ಜನಾನಾ ದವಾಖಾನಿಯ ಡಾಕ್ಟರಬಾಯಿ ಇದ್ದರು. ಧಾರವಾಡ ಕಡೆಯವರು, ಭಾರಿ ಆಳು. ಚಹಾದ ಬಶಿ ಅರ್ಧಕ್ಕ ಇಟ್ಟು ಎದ್ದರು. "ಎಷ್ಟು ತಾಸಾತು? ನೀರು ಒಡದದೇನು? ಹಾದ್ಯಾಗ ಹೇಳ್ರಿ, ನಡೀರಿ."

ಮಧ್ಯಾಹ್ನಕ್ಕ ಕೆರಿ ದಂಡಿಗೆ ಬಂದೆವು. ಆಚಿ ದಂಡಿಗೆ ನನ್ನ ಮನಿ ಕಾಣತಿತ್ತು. ಕಟ್ಟಿ ಮ್ಯಾಲ ನನ್ನ ಹೇಣತಿ ನಿಂತಿದ್ದಳು, ಇರವಿಯಷ್ಟು.

ಮೊದಲು ಕಾರ್ಬೊರೇಟರಿನ ಬಟ್ಟಲ ಬಿಚ್ಚಿದೆ. ಹಿಂದಿನ ಸಲ ಇಂಜಿನ್ನು ಚಿಮಣಿ ಎಣ್ಣಿಯ ಮ್ಯಾಲ ತಾನೇ ಸತ್ತಿತ್ತು. ಬಟ್ಟಲ ತುಂಬ ಅದೇ ಎಣ್ಣಿ. ತಣ್ಣಗಿನ ಇಂಜಿನ್ನಿಗೆ ಅದು ಹತ್ತೋದಿಲ್ಲ. ಚೆಲ್ಲಿ, ಒರಸಿ, ಪೆಟ್ರೋಲು ಬಿಟ್ಟೆ. ನಾನು, ಅಳಿಯ, ಡ್ರೈವರ ಮೂವರೂ ಜಗ್ಗಿದೆವು. ಇಲ್ಲ. ಪ್ಲಗ್ಗು ಎರಡೂ ತಗದು ಬೆಂಕಿಗೆ ಹಿಡದು ಒಣಗಿಸಿ, ಕಬ್ಬಿಣಕ್ಕ ತಾಗಿಸಿಟ್ಟು ಕಿಡಿ ನೋಡಿದೆ. ಮಬ್ಬು ಕೆಂಪು ಕಿಡಿ. ಮ್ಯಾಗ್ನೆಟ್ಟು ಜೋರಿಲೆ ತಿರುಗಿದರ ನೀಲಿ ಕಿಡಿ ಕೊಡತದ, ಸಾವಕಾಶ ತಿರುಗಿದರ ಇಲ್ಲ. ನಮಗ ಜೋರಿಲೆ ತಿರುಗಸಲಿಕ್ಕೆ ಆಗವಲ್ದು.

ಪ್ಲಗ್ಗು ಹೊರಗಿರುವಾಗಲೇ ಚಕ್ರಕ್ಕ ಕೈ ಹಾಕಿದೆ. ಪ್ಲಗ್ಗು ತಗದರ ಸಿಲಿಂಡರಿನ ಗಾಳಿ ಹೊರಗ ಹೋಗತದ, ಚಕ್ರ ಒಂದು ಬೆರಳಿಗೆ ತಿರುಗಬೇಕು. ತಿರುಗಲಿಲ್ಲ. ಅಷ್ಟೇ ಭಾರ, ಅದೇ ಮುಷ್ಟಿ. ಅಂದರ ಭಾರ ಇಂಜಿನ್ನಿನಾಗ ಇಲ್ಲ. ಅದರ ಹಿಂದ, ರಾಡು ಹಿಡದ ಗಡಗಿಯಾಗ ಅದ.

ನನಗ ಗೊತ್ತಿತ್ತು. ಬ್ಯಾಸಿಗಿಯಿಂದ ಗೊತ್ತಿತ್ತು. ಗೊತ್ತಿಲ್ಲದವರಂಗ ಇದ್ದೆ, ಯಾಕಂದ್ರ ಆ ನಟ್ಟು ಸಡಿಲ ಮಾಡಿದರ ನೀರು ಬರತದ.

ಡ್ರೈವರ ಬೆವರು ಒರಸಿಕೊಂಡು ಆಕಾಶಕ್ಕ ಕೈ ಎತ್ತಿದ. "ಅಣ್ಣಾ, ಇವತ್ತೊಂದು ದಿನ ಬಿಡೋ! ಒಂದು ಜೀವದ ಮಾತು ಅದ. ನಾಳೆಯಿಂದ ಮತ್ತ ಹಿಡಕೋ!"

ನನ್ನ ಬಾಯಿಂದ ಬಂದುಬಿಡ್ತು. "ನಿಮ್ಮಣ್ಣ ಹಿಡದಿಲ್ಲ ಭಾಯಿ. ನಾನು ಹಿಡದೀನಿ."

ಎಲ್ಲಾ ಹೇಳಿದೆ. ಹತ್ತಿ ಹುರಿ, ಔಡಲ ಎಣ್ಣಿ, "ಆತ್ರಿ" ಅಂದಿದ್ದು. ಅವ ಕೈ ಎತ್ತಿದ್ದು, ನಾನೂ ಎತ್ತಿದ್ದು. ಅಳಿಯ ತಲಿ ಬಗ್ಗಿಸಿದ. ಡ್ರೈವರ ನನ್ನ ಮಾರಿ ನೋಡಲಿಲ್ಲ, ಕೈ ನೋಡಿದ. ಆಮ್ಯಾಲ ದೋಣಿ ಇಳಿದು ಕಟ್ಟಿ ಗುಂಟ ನಡಕೋತ ಹೋಗಿಬಿಟ್ಟ.

ಡಾಕ್ಟರಬಾಯಿ ಛತ್ರಿ ಮಡಚಿದರು. "ನೀವು ಆಮ್ಯಾಲ ಅಳ್ರಿ. ಮೊದಲು ಹೇಳ್ರಿ, ಈ ದೋಣಿ ನಡೀತದೋ ಇಲ್ಲೋ?"

"ಹಿಂದಿನ ಹುರಿ ಬದಲ ಮಾಡಿದರ ನಡೀತದ್ರಿ. ನೀರಿನಾಗೇ ಮಾಡಬೇಕು. ದೋಣಿಯ ಮುಂದಿನ ಮೂಗಿಗೆ ಭಾರ ಹಾಕಿದರ ಹಿಂಭಾಗ ಮ್ಯಾಲ ಏಳತದ, ನೀರು ಕಡಿಮಿ ಬರತದ."

"ಭಾರ ಅಂದ್ರ?"

ನಾನು ಹೇಳಲಿಕ್ಕೆ ನಾಚಿದೆ. ಅವರೇ ತಿಳಕೊಂಡು ಮೂಗಿನ ಕಡೆ ಹೋಗಿ ಕೂತರು. "ನನ್ನ ತೂಕಕ್ಕ ಇವತ್ತೊಂದು ಕೆಲಸ ಸಿಕ್ತು ನೋಡ್ರಿ."

ಅಳಿಯ ಕಲ್ಲು ಹೊತ್ತು ತಂದು ಅವರ ಸುತ್ತ ಒಟ್ಟಿದ. ಸಾಲಲಿಲ್ಲ. ಇನ್ನೊಬ್ಬ ಆಳು ಬೇಕಿತ್ತು. ನಾನು ಛಪ್ಪರದೊಳಗ ಹೋಗಿ ಮಾಡದಾಗಿನ ಡಬ್ಬಿ ಇಳಿಸಿದೆ. ಮುಚ್ಚಳದ ಧೂಳಿನ ಮ್ಯಾಲ ನನ್ನ ಬೆರಳು ಮೂಡಿದವು. ಕೊರಳಿನ ಲಿಂಗದ ವಸ್ತ್ರ ಬಿಚ್ಚಿ, ರುಮಾಲಿನೊಳಗ ಸುತ್ತಿ, ತಲಿ ಮ್ಯಾಲ ಕಟಗೊಂಡೆ. ತಿರುಗಿ ಬಂದು ನೋಡತೀನಿ, ಡ್ರೈವರ ದೋಣಿಯ ಮೂಗಿನಾಗ ಡಾಕ್ಟರಬಾಯಿಯ ಮಗ್ಗಲಿಗೆ ಕೂತಾನ. ಕಣ್ಣು ಕೆಂಪಾಗಿದ್ದವು. ಡಬ್ಬಿ ನೋಡಿ ಕೈ ಚಾಚಿದ.

"ನೀವು ಮುಟ್ಟಬ್ಯಾಡ್ರಿ. ನಾ ಹಚ್ಚತೀನಿ."

"ಇಲ್ಲ ಭಾಯಿ. ಇದು ನಾನೇ ಮಾಡಬೇಕಾಗಿತ್ತು."

ಅವ ಕೈ ಹಿಂದಕ ತಗೊಂಡ.

ಪಾನಾ ಹಾಕಿದೆ. ನಟ್ಟು ಕಿರ್ ಅಂತ ಬಿಟ್ಟಿತು. ಒಳಗ ಹತ್ತಿ ಹುರಿ ಸುಟ್ಟು ಕಪ್ಪಾಗಿ, ಇದ್ದಲಿಯಂಗ ರಾಡಿಗೆ ಕಚ್ಚಿತ್ತು. ಬಗ್ಗಿಸಿದ ದಬ್ಬಣದಿಂದ ಒಂದೊಂದೇ ಚೂರು ಕಿತ್ತೆ. ಕಡೀ ಚೂರಿನ ಜೋಡಿ ನೀರು ನುಗ್ಗಿತು, ಹೆಬ್ಬೆರಳು ದಪ್ಪ, ತಣ್ಣಗ, ಮೊಣಕೈತನಕ. ಉಸ್ತಾದನ ಕೈಗೂ ಹಿಂಗೇ ಬಡದಿರಬೇಕು. ನನ್ನ ಬೆನ್ನ ಹಿಂದ ಅವ ಕೂತಿದ್ದ. ಅವನ ಬೀಡಿ ವಾಸನಿ ಬಂತು ಅಂದರ ನೀವು ನಂಬೋದಿಲ್ಲ. ತಿರುಗಿ ನೋಡಲಿಲ್ಲ. ಡಬ್ಬಿಯೊಳಗ ಕೈ ಹಾಕಿದೆ. ಚರಬಿ ಗಟ್ಟಿಯಾಗಿತ್ತು. ಅಂಗೈಯಾಗ ತಿಕ್ಕಿ ಬಿಸಿ ಮಾಡಿ, ನಾರಿನ ಹುರಿಗೆ ಮೆತ್ತಿದೆ. ಮೂರು ಸುತ್ತು. ಒಂದರ ಸಂದು ಇನ್ನೊಂದರ ಸಂದಿನ ಮ್ಯಾಲ ಬರಬಾರದು, ಬಂದರ ನೀರಿಗೆ ಹಾದಿ ಆಗತದ. ಒಂದು ಸುತ್ತು ಹಾಕಿದರ ನೀರು ಕಿರುಬೆರಳಷ್ಟಾತು, ಎರಡಕ್ಕ ದಾರದಷ್ಟು, ಮೂರಕ್ಕ ಹನಿ.

ನಟ್ಟು ಕೂಡಿಸಿ, ಪಾನಾ ಮುಟ್ಟದೇ ಬರೇ ಕೈಲೆ ಬಿಗಿದೆ. ಹನಿ ನಿಲ್ಲಲಿಲ್ಲ. ಕೈ ತಾನೇ ಪಾನಾದ ಕಡೆ ಹೋತು. ಆ ಕೈಯನ್ನ ಇನ್ನೊಂದು ಕೈಲೆ ಹಿಡಕೊಂಡು ಎಣಿಸಿದೆ. ಎಂಟಕ್ಕೊಂದು ಹನಿ. ಸ್ವಲ್ಪ ತಿರುವಿದೆ. ಹತ್ತಕ್ಕೊಂದು. ಪಾನಾ ಎತ್ತಿ ದಂಡಿಗೆ ಒಗದೆ.

ಪ್ಲಗ್ಗು ಹಾಕಿ, ಸಿಲಿಂಡರಿನ ಮ್ಯಾಲಿನ ಸಣ್ಣ ಬಟ್ಟಲಿಗೆ ಒಂದಿಷ್ಟು ಪೆಟ್ರೋಲು ಬಿಟ್ಟೆ. ಈ ಇಂಜಿನ್ನು ಚಾಲೂ ಆತಂದ್ರ ದೋಣಿ ಓಡೇಬಿಡತದ. ಅದಕ್ಕ ಹಗ್ಗ ಬಿಚ್ಚಲಿಕ್ಕೆ ಅಳಿಯನನ್ನ ನಿಲ್ಲಿಸಿ ನಾನೊಬ್ಬನೇ ಚಕ್ರ ಹಿಡದೆ. ತಿರುವಿದೆ. ಹಗೂರ! ಕೈ ಜೋಲಿ ಹೋಗಿ ಮುಗ್ಗರಿಸಿದೆ. ಒಮ್ಮೆ ಕೆಮ್ಮಿತು. ಎರಡನೇ ಸಲ ಹತ್ತಿತು, ದಡದಡ ದಡದಡ. ಕಟ್ಟಿ ಮ್ಯಾಲಿನ ಕೊಕ್ಕರಿ ಎಲ್ಲಾ ಎದ್ದವು.

ಮೂಗು ತಿರುವಿ ಕೋಡಿಯ ಸೆಳವಿಗೆ ಎದುರು ಹಿಡದೆ. ನಡುನೀರಿಗೆ ಬಂದಾಗ, ಅದೇ ಜಾಗ, ಅಳಿಯ ಡಬ್ಬಿಲೆ ನೀರು ಚೆಲ್ಲಾಕತ್ತಿದ್ದ.

"ಸೋರತದಲ್ರಿ?" ಅಂದರು ಡಾಕ್ಟರಬಾಯಿ, ಪೆಟಿಗಿ ಎದಿಗೆ ಅವಚಿಕೊಂಡು.

"ಸೋರಬೇಕ್ರಿ ಬಾಯಿ."

ಡ್ರೈವರ ನೀರಿಗೆ ಕೈ ಇಳಿಬಿಟ್ಟು ಕೂತಿದ್ದ. ಆ ಜಾಗ ದಾಟೋತನಕ ಕೈ ಎತ್ತಲಿಲ್ಲ. ನಾನು ಎಣಿಸಕೋತ ಇದ್ದೆ.

ವಾಡಿ ಮುಟ್ಟಿದ ಕೂಡಲೇ ಡಾಕ್ಟರಬಾಯಿ ನಮ್ಮ ಮನಿಯೊಳಗ ಹೋಗಿ ಬಾಗಿಲಾ ಹಾಕಿಕೊಂಡರು. ನಾನು ಕಟ್ಟಿ ಮ್ಯಾಲ ಕೂತೆ. ಇಂಜಿನ್ನು ಬಂದ್ ಮಾಡಿದ್ದರೂ ನನ್ನ ಕಿವ್ಯಾಗ ಹನಿ ಬೀಳೋದು ನಿಲ್ಲಲಿಲ್ಲ. ಒಂದರಿಂದ ಹತ್ತು, ಮತ್ತ ಒಂದರಿಂದ. ಒಳಗ ಮಗಳು ಒದರಿದಾಗ ಎಣಿಕಿ ತಪ್ಪತಿತ್ತು. ಆಮ್ಯಾಲ ಆಕಿ ಒದರೋದೂ ನಿಂತಿತು. ಆ ಹೊತ್ತು ಎಷ್ಟು ಉದ್ದ ಇತ್ತಂತ ನಾನು ಬರೆಯಲಾರೆ. ಆಗ ಕೇಳಿಸಿತು ನೋಡ್ರಿ, ಕೂಸಿನ ದನಿ!

ಡಾಕ್ಟರಬಾಯಿ ಕೈ ಒರಸಕೋತ ಹೊರಗ ಬಂದರು. "ಅಡ್ಡ ಇತ್ತು, ತಿರುವಿ ತಗದೀನಿ. ಇನ್ನೊಂದು ತಾಸು ತಡಾ ಆಗಿದ್ದರ ಇಬ್ಬರೂ ಇರತಿದ್ದಿಲ್ಲ. ಹೆಣ್ಣು ಕೂಸು. ಬಾಯಿ ನಿಮ್ಮ ಇಂಜಿನ್ ಇದ್ದಂಗ ಅದ."

ನಮ್ಮ ಅವ್ವ ಭಾಳ ಮಡಿಯಾಕಿ. ಚರಬಿ ಮುಟ್ಟಿದ್ದು ಆಕಿ ಮುಂದ ಹೇಳಿದೆ. "ಕೂಸು ಹುಟ್ಟ್ಯದ, ನೀ ಕೈ ನೋಡಕೋತ ಕೂತಿ! ಬೂದಿ ಹಚ್ಚಿ ತೊಳಿ, ಇಭೂತಿ ಹಚ್ಚಿಕೋ, ಪೂಜಾ ಮಾಡು, ಉಣ್ಣಲಿಕ್ಕೆ ಬಾ," ಅಂದಳು.

ನಮ್ಮೊಳಗ ಹಡದ ಮನಿಗೆ ಸೂತಕ ಇಲ್ಲ. ನನ್ನ ಹೇಣತಿ ರೊಟ್ಟಿ ಬಡದಳು, ಪುಂಡಿಪಲ್ಯ ಮಾಡಿದಳು, ಬಾಣಂತಿಗೆ ಬಿಸಿ ಅನ್ನ, ಮೆಣಸಿನ ಸಾರು. ಡಾಕ್ಟರಬಾಯಿಗೆ ಒಳಗ ಮಣಿ ಹಾಕಿ ಕೂಡಿಸಿದರು. ಡ್ರೈವರ ದೋಣಿ ಹತ್ತಿರ ನಿಂತಿದ್ದ, ಎರಡು ಸಲ ಕರದರೂ ಬರಲಿಲ್ಲ. ಮೂರನೇ ಸಲ ಹೇಣತಿ ತಾನೇ ಹೋಗಿ, "ಭಾಯಿ, ಕೂಸಿನ ಮನಿಯಿಂದ ಉಪವಾಸ ಹೋದರ ಹೆಂಗ್ರಿ?" ಅಂದಳು. ಬಂದು ಹೊರಗಿನ ಕಟ್ಟಿ ಮ್ಯಾಲ ಕೂತ, ಅಂಥವರು ಯಾವಾಗಲೂ ಕೂಡೋ ಜಾಗದಾಗ. ನಾನು ನನ್ನ ಗಂಗಾಳ ಎತಗೊಂಡು ಹೋಗಿ ಅವನ ಮಗ್ಗಲಿಗೆ ಕೂತೆ. ಅಳಿಯ ಎದ್ದು ಬಂದ. ಡಾಕ್ಟರಬಾಯಿ, "ಒಳಗ ಹೊಗಿ ಭಾಳ," ಅಂತ ಎದ್ದರು. ಕತ್ತಲಾಗ ಅವ್ವನ ದನಿ ಬಂತು, "ನಾ ಒಬ್ಬಾಕಿನೇ ಇಲ್ಲಿ ಯಾರ ಮಾರಿ ನೋಡಕೋತ ಉಣ್ಣಲಿ? ನನ್ನ ಗಂಗಾಳಾನೂ ಹೊರಗ ತರ್ರಿ." ಲಿಂಗ ಕಟ್ಟದ ಭವಿಗಳ ನೆರಳು ಬಿದ್ದ ಕೊಡದ ನೀರು ಚೆಲ್ಲಿಸತಿದ್ದ ನಮ್ಮವ್ವ ಬಂದು ಡ್ರೈವರನ ಎದುರಿಗೇ ಕೂತಳು.

ಡ್ರೈವರ ರೊಟ್ಟಿ ಮುರಕೋತ ನನಗಷ್ಟೇ ಕೇಳೋಹಂಗ ಅಂದ, "ಶುಕ್ರವಾರ ರೋಜಾಕ್ಕ ಬರ್ರಿ. ನನ್ನ ಮುಂದ ಹೇಳಿದ್ದು ಅವನ ಮುಂದ ಹೇಳ್ರಿ."

"ಬರತೀನಿ."

"ಮಾಫ್ ಮಾಡೀನಿ ಅಂತ ನಾ ಅನ್ನಂಗಿಲ್ಲ."

"ಅನಬ್ಯಾಡ್ರಿ."

ಹೇಣತಿ ಇಬ್ಬರ ಗಂಗಾಳಕ್ಕೂ ಒಂದೊಂದು ರೊಟ್ಟಿ ಹಾಕಿದಳು. ಅಷ್ಟರಾಗ ಒಳಗಿನಿಂದ, ಮೂರು ದಿನದಿಂದ ಗುಟುಕು ನೀರು ಸುದ್ದಾ ಒಲ್ಲೆ ಅಂದಿದ್ದ ನನ್ನ ಮಗಳ ದನಿ ಬಂತು, ಸಣ್ಣಗ, ಸಿಟ್ಟಿಲೆ:

"ಯವ್ವಾ, ಎಲ್ಲಾರೂ ಎಲ್ಲಿ ಹೋದಿರಿ? ಇನ್ನಷ್ಟು ಅನ್ನ ನೀಡು. ತುಪ್ಪಾನೂ."

ಹೇಣತಿ ಓಡಿದಳು. ಸೌಟು ತಾಟಿಗೆ ತಾಕಿದ ಸಪ್ಪಳ ಬಂತು. ಡ್ರೈವರ ತುತ್ತು ಎತ್ತಿದ. ಆಕಿ ಉಣ್ಣೋದನ್ನ ಕೇಳಕೋತ ನಾವೆಲ್ಲಾರೂ ಉಂಡೆವು.